ಮುಂದಕ್ಕೆ ಹಾಕಲಾಗದ ಬದುಕು

ಸಿರಿವಂತನೊಬ್ಬ ಓಡೋಡಿ ಬಂದು ಯೇಸುಸ್ವಾಮಿಯ ಮುಂದೆ ಮೊಣಕಾಲೂರಿದ ಪ್ರಸಂಗ ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುತ್ತದೆ. ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಅವನು ಕೇಳುತ್ತಾನೆ. ಅವನು ಯುವಕನಾಗಿದ್ದ ಎನ್ನುತ್ತಾನೆ ಮತ್ತಾಯ. ಕೊಲೆ, ಕಳವು, ಸುಳ್ಳುಸಾಕ್ಷಿ ಯಾವುದೂ ಅವನಿಗೆ ಅಂಟಿಲ್ಲ. ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದ್ದಾನೆ. ಯೇಸುವಿಗೂ ಅವನ ಮೇಲೆ ಪ್ರೀತಿ ಉಕ್ಕುತ್ತದೆ. ಆದರೆ ಇರುವುದನ್ನು ಮಾರಿ ಬಡವರಿಗೆ ಕೊಟ್ಟು ಬಾ ಎಂದೊಡನೆ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ.

ಅವನು ಕೆಟ್ಟವನಲ್ಲ ಎಂಬುದೇ ನನ್ನನ್ನು ಕಾಡುತ್ತದೆ. ನಮ್ಮ ನಡುವಿನ ಎಷ್ಟೋ ಕ್ರೈಸ್ತ ಯುವಕ ಯುವತಿಯರು ಅವನ ಹಾಗೆಯೇ ಒಳ್ಳೆಯವರು. ಭಾನುವಾರದ ಪೂಜೆ ತಪ್ಪಿಸುವುದಿಲ್ಲ, ಗಾಯನ ಮಂಡಳಿಯಲ್ಲಿ ಹಾಡುತ್ತಾರೆ, ತಪಸ್ಸುಕಾಲದಲ್ಲಿ ಮಾಂಸ ಬಿಡುತ್ತಾರೆ. ಆದರೂ ಒಳಗೊಳಗೆ ‘ಇಷ್ಟೇನಾ?’ ಎಂಬ ಪ್ರಶ್ನೆ ಏಳುತ್ತದೆ. ಡಿಗ್ರಿ ಮುಗಿಯಲಿ, ಕೆಲಸ ಸಿಗಲಿ, ಗಲ್ಫಿಗೋ ಕೆನಡಾಕ್ಕೋ ಹೋಗಿ ನೆಲೆಯೂರಿದ ಮೇಲೆ ನೋಡೋಣ ಎಂದು ಆ ಪ್ರಶ್ನೆಯನ್ನು ಮುಂದಕ್ಕೆ ಹಾಕುತ್ತಾರೆ.

ಹಾಗೆ ಮುಂದಕ್ಕೆ ಹಾಕದ ಒಬ್ಬನ ಹೆಸರು ಪಿಯರ್ ಜಾರ್ಜಿಯೊ ಫ್ರಸ್ಸಾತಿ. ಪೋಪ್ 14ನೇ ಲಿಯೋ ಅವರು 2025ರ ಸೆಪ್ಟೆಂಬರ್ 7ರಂದು ಕಾರ್ಲೊ ಅಕುಟಿಸ್ ಜೊತೆಗೆ ಅವನಿಗೂ ಸಂತ ಪದವಿ ನೀಡಿದರು. ಕಂಪ್ಯೂಟರ್ ಬಲ್ಲ ಹುಡುಗ ಕಾರ್ಲೊ ನಮ್ಮವರಿಗೆಲ್ಲ ಪರಿಚಿತ. ಫ್ರಸ್ಸಾತಿ ಅಷ್ಟಾಗಿ ಅಲ್ಲ.

1901ರಲ್ಲಿ ಇಟಲಿಯ ಟ್ಯುರಿನ್ ನಗರದಲ್ಲಿ ಹುಟ್ಟಿದವನು ಅವನು. ತಂದೆ ‘ಲಾ ಸ್ಟಾಂಪಾ’ ಪತ್ರಿಕೆಯ ಒಡೆಯ, ಸೆನೆಟರ್, ಮುಂದೆ ಜರ್ಮನಿಯಲ್ಲಿ ಇಟಲಿಯ ರಾಯಭಾರಿ, ದೈವಭಕ್ತಿ ಇದ್ದವರಲ್ಲ. ತಂದೆ ತಾಯಿಗೆ ಪರಸ್ಪರ ಹೊಂದಿಕೆಯಿರಲಿಲ್ಲ. ಮಗ ಓದಿನಲ್ಲಿ ಹಿಂದೆ ಎಂಬ ಕೊರಗು ಬೇರೆ. ಇಂಥ ಮನೆಯಲ್ಲಿ ಬೆಳೆದ ಹುಡುಗ ದಿನವೂ ಪರಮಪ್ರಸಾದ ಸ್ವೀಕರಿಸುತ್ತಿದ್ದ. ಮುಂಜಾನೆ ಯೇಸು ತನ್ನ ಬಳಿಗೆ ಬಂದಿದ್ದಕ್ಕೆ ಪ್ರತಿಯಾಗಿ ತಾನು ಬಡವರ ಮನೆಗೆ ಹೋಗುತ್ತೇನೆ ಎಂದು ತಿಳಿದಿದ್ದ. ಪ್ರಾರ್ಥನೆ ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂಬ ಭೇದ ಅವನಲ್ಲಿರಲಿಲ್ಲ.

ಅವನು 1918ರಲ್ಲಿ ಸಂತ ವಿನ್ಸೆಂಟ್ ದಿ ಪಾಲ್ ಸಭೆಯನ್ನು ಸೇರಿದ. 1833ರಲ್ಲಿ ಪ್ಯಾರಿಸಿನಲ್ಲಿ ಆ ಸಭೆಯನ್ನು ಗೆಳೆಯರೊಡನೆ ಕಟ್ಟಿದ ಫ್ರೆಡರಿಕ್ ಓಜನಾಂ ಕೂಡ ಆಗ 20ರ ವಿದ್ಯಾರ್ಥಿ. ನಮ್ಮ ಕರಾವಳಿಯ ಚರ್ಚುಗಳಲ್ಲೂ ಈ ಸಭೆಯಿದೆ. ಬಡವರನ್ನು ಕರೆಸಿ ಕೊಡುವುದಕ್ಕಿಂತ ಅವರ ಮನೆಗೇ ಹೋಗಿ, ಕೂತು, ಮಾತಾಡಿಸಿ ಬರುವುದು ಅದರ ಕ್ರಮ. ಫ್ರಸ್ಸಾತಿ ಟ್ಯುರಿನ್ನಿನ ಬಡ ಕೇರಿಗಳ ಮೆಟ್ಟಿಲು ಹತ್ತಿದ್ದು ಹೀಗೆ. ಹಾಗೆಂದು ಮುಖ ಗಂಟಿಕ್ಕಿಕೊಂಡ ಭಕ್ತನೂ ಅಲ್ಲ. ಗೆಳೆಯರ ಗುಂಪು ಕಟ್ಟಿಕೊಂಡು ಆಲ್ಪ್ಸ್ ಬೆಟ್ಟಗಳನ್ನು ಏರುತ್ತಿದ್ದ, ಗಟ್ಟಿಯಾಗಿ ನಗುತ್ತಿದ್ದ.

1925ರ ಬೇಸಿಗೆಯಲ್ಲಿ ಅವನಿಗೆ ಪೋಲಿಯೊ ತಗಲಿತು. ಆರೈಕೆ ಮಾಡುತ್ತಿದ್ದ ರೋಗಿಗಳಿಂದಲೇ ಬಂದಿತ್ತೆಂದು ನಂಬಲಾಗಿದೆ. ಅದೇ ಹೊತ್ತಿಗೆ ಅಜ್ಜಿ ಸಾವಿನ ಹಾಸಿಗೆಯಲ್ಲಿದ್ದರು. ಎಲ್ಲರ ಗಮನವೂ ಅಲ್ಲಿದ್ದುದರಿಂದ ತನ್ನ ನೋವನ್ನು ಅವನು ಹೇಳಿಕೊಳ್ಳಲಿಲ್ಲ. ಸಾಯುವ ಹಿಂದಿನ ದಿನ, ಸ್ವಾಧೀನ ತಪ್ಪುತ್ತಿದ್ದ ಕೈಯಿಂದ ಗೆಳೆಯನಿಗೊಂದು ಚೀಟಿ ಗೀಚಿದ. ಒಬ್ಬ ರೋಗಿಗೆ ಇಂಜೆಕ್ಷನ್ ತಲುಪಿಸಬೇಕು. ಇನ್ನೊಬ್ಬನ ಗಿರವಿ ಚೀಟಿಯನ್ನು ನವೀಕರಿಸಬೇಕು, ಆ ಖರ್ಚು ತನ್ನ ಲೆಕ್ಕಕ್ಕೆ. ಅಕ್ಷರಗಳನ್ನು ಓದುವುದೇ ಕಷ್ಟವಾಗಿತ್ತು. ಜುಲೈ 4ರಂದು ತೀರಿಕೊಂಡ. ವಯಸ್ಸು 24.

ಅಂತ್ಯಕ್ರಿಯೆಗೆ ನಗರದ ಗಣ್ಯರು ಬರುವರೆಂದು ಮನೆಯವರು ಎಣಿಸಿದ್ದರು. ಬೀದಿ ತುಂಬಿದ್ದು ಬಡವರಿಂದ. ಆ ಹುಡುಗ ಇಷ್ಟು ದೊಡ್ಡ ಮನೆಯವನೆಂದು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಮಗ ಹೋಗಿಬರುತ್ತಿದ್ದ ಮನೆಗಳ ವಿಷಯ ತಂದೆ ತಾಯಿಗೂ ಗೊತ್ತಿರಲಿಲ್ಲ.

ಗಣಿ ಕಾರ್ಮಿಕರ ನಡುವೆ ಕ್ರಿಸ್ತನ ಸೇವೆ ಮಾಡಬೇಕೆಂದು ಗಣಿ ಎಂಜಿನಿಯರಿಂಗ್ ಓದುತ್ತಿದ್ದ ಅವನಿಗೆ ಆ ಡಿಗ್ರಿ ಕೈಗೆ ಸಿಗಲೇ ಇಲ್ಲ. ನಮ್ಮ ಲೆಕ್ಕದಲ್ಲಿ ಅದು ಅರ್ಧಕ್ಕೇ ನಿಂತ ಬದುಕು. ಆದರೆ ಆ ಚೀಟಿಯ ಮುಂದೆ ನಮ್ಮ ಲೆಕ್ಕ ನಿಲ್ಲುವುದಿಲ್ಲ. ಅದರಲ್ಲಿ ವಿಶ್ವಾಸದ ಬಗ್ಗೆ ದೊಡ್ಡ ಮಾತಿಲ್ಲ, ಮಾಡಬೇಕಾದ ಎರಡು ಕೆಲಸ ಮಾತ್ರ ಇವೆ. ಯಾರ ಒಡವೆ ಎಲ್ಲಿ ಗಿರವಿಯಲ್ಲಿದೆ, ವಾಯಿದೆ ಯಾವಾಗ ಮುಗಿಯುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಆ ಮನೆಗೆ ಮತ್ತೆ ಮತ್ತೆ ಹೋದವನಿಗೆ, ಅಲ್ಲಿಯವರು ಸಂಕೋಚ ಬಿಟ್ಟು ಹೇಳಿಕೊಳ್ಳುವಷ್ಟು ಹತ್ತಿರವಾದವನಿಗೆ ಮಾತ್ರ ತಿಳಿಯುತ್ತದೆ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಈ ಮಟ್ಟಕ್ಕೆ ಇಳಿದಾಗಲೇ ಬದುಕಿಗೆ ಅರ್ಥ ಬರುತ್ತದೆ ಎಂದು ನಾನು ನಂಬುತ್ತೇನೆ.

ಎಲ್ಲರ ಬೆನ್ನಿಗೂ ಶ್ರೀಮಂತ ಮನೆಯಿರುವುದಿಲ್ಲ, ನಿಜ. ಶಿಕ್ಷಣ ಸಾಲದ ಕಂತು, ಅಪ್ಪನ ಔಷಧಿ, ತಂಗಿಯ ಫೀಸು ಹೊತ್ತ ಯುವಕರು ನಮ್ಮಲ್ಲಿ ಬಹಳ. ಆ ಹೊರೆಯನ್ನು ಗೊಣಗದೆ ಹೊರುವುದೂ ಕ್ರಿಸ್ತನನ್ನು ಹಿಂಬಾಲಿಸುವುದೇ. ಕೊಡಲು ಹಣವಿಲ್ಲದವರ ಬಳಿಯೂ ವಾರಕ್ಕೊಂದು ಸಂಜೆ ಇರುತ್ತದೆ. ಹಾಸಿಗೆ ಹಿಡಿದ ನೆರೆಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಓದಿನಲ್ಲಿ ಹಿಂದುಳಿದ ಮಗುವಿಗೆ ಗಣಿತ ಹೇಳಿಕೊಡಲು ಅಷ್ಟು ಸಾಕು. ಜಾತಿ ಮತ ಕೇಳದೆ, ಹೇಳಿಕೊಳ್ಳದೆ, ಒಂದೇ ಮನೆಗೆ ಮತ್ತೆ ಮತ್ತೆ ಹೋಗಬೇಕು. ಇದಕ್ಕೆ ಡಿಗ್ರಿ ಬೇಡ, ವೀಸಾ ಬೇಡ. ಈ ವಾರವೇ ಶುರುಮಾಡಬಹುದು, ಮಾಡಬೇಕು.