ಬಾರದೆ ಹೋದ ರೋಗದ ಋಣ

ಬಾವಿಗೆ ಬಿದ್ದ ಮಗುವನ್ನು ಎತ್ತಿ ತಂದವನನ್ನು ಊರೆಲ್ಲ ಕೊಂಡಾಡುತ್ತದೆ. ಅವನಿಗೆ ಹಾರ ಹಾಕುತ್ತಾರೆ, ಪತ್ರಿಕೆಯಲ್ಲಿ ಅವನ ಫೋಟೊ ಬರುತ್ತದೆ. ಆದರೆ ಪಕ್ಕದ ಬಾವಿಗೆ ಮೊದಲೇ ಕಟ್ಟೆ ಕಟ್ಟಿದ ಗಾರೆಯವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಅವನಿಂದಾಗಿ ಎಷ್ಟು ಮಕ್ಕಳು ಬೀಳದೆ ಉಳಿದರೆಂದು ಲೆಕ್ಕ ಹಾಕುವುದೂ ಸಾಧ್ಯವಿಲ್ಲ. ನಡೆಯದೆ ಹೋದ ಅನಾಹುತಕ್ಕಾಗಿ ನಾವು ಯಾರಿಗಾದರೂ ಋಣಿಗಳೇ? ಲಸಿಕೆ ಹಾಕುವವರ ಕುರಿತು ಯೋಚಿಸಿದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ.

ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಗುಬ್ಬಿ, ಕುಣಿಗಲ್ ತಾಲೂಕುಗಳ ಹಳ್ಳಿಯ ಅಂಗನವಾಡಿಯಲ್ಲಾಗಲಿ, ಲಸಿಕೆಯ ದಿನ ಆ ಸಿಸ್ಟರ್ ಮಾಡುವ ಕೆಲಸವನ್ನು ಸ್ವಲ್ಪ ಗಮನಿಸಿ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇಡಬೇಕು. ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಚಿಕ್ಕದೊಂದು ಚೌಕ ಇರುತ್ತದೆ. ಬಿಸಿ ತಗಲಿದಷ್ಟೂ ಆ ಚೌಕ ಕಪ್ಪಾಗುತ್ತದೆ. ಅದು ವೃತ್ತದ ಬಣ್ಣಕ್ಕೆ ಸಮವಾದರೆ ಲಸಿಕೆಯನ್ನು ಬಳಸುವಂತಿಲ್ಲ. ದಡಾರ-ರುಬೆಲ್ಲಾ ಲಸಿಕೆಯನ್ನು ಕಲಸಿದ 4 ಗಂಟೆಗಳ ಬಳಿಕ ಎಸೆಯಲೇಬೇಕು. ಚುಚ್ಚಿದ ಮೇಲೆ ಮಗುವನ್ನು ಅರ್ಧ ಗಂಟೆ ಕೂರಿಸಿಕೊಳ್ಳಬೇಕು. ಅಪರೂಪಕ್ಕೆ ಒಂದು ಮಗುವಿಗೆ ಅಲರ್ಜಿಯಾಗಿ ಉಸಿರು ಕಟ್ಟಬಹುದು. ಆ ಕ್ಷಣಕ್ಕೆ ಅಡ್ರಿನಲಿನ್ ಕೈಗೆಟುಕುವಂತಿರಬೇಕು. ಅಂದು ಬಾರದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಮತ್ತೆ ಹೋಗಬೇಕು. ಇಷ್ಟೆಲ್ಲ ಸರಿಯಾಗಿ ನಡೆದರೆ ಸಿಗುವ ಫಲವೇನು? ಏನೂ ಆಗುವುದಿಲ್ಲ, ಅಷ್ಟೇ.

ಆ 'ಏನೂ ಆಗದಿರುವುದು' ಎಷ್ಟು ದೊಡ್ಡದೆಂಬುದನ್ನು ಚರಿತ್ರೆ ಹೇಳುತ್ತದೆ. ಸಿಡುಬು ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ಘೋಷಿಸಲಾಯಿತು. ಭಾರತದಲ್ಲಿ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು. ಆದರೂ ತುಮಕೂರಿನ ಬೀದಿಯಲ್ಲಿ ಓಡಾಡುವ ಯಾವ ಹುಡುಗನೂ 'ನನ್ನ ಕಾಲನ್ನು ಉಳಿಸಿದವರು ಇವರು' ಎಂದು ಬೆರಳು ತೋರಿಸಲಾರ. ಉಪಕಾರ ಎಲ್ಲರಿಗೂ ಸಂದಿದೆ. ಹಾಗಾಗಿಯೇ ಅದು ತನಗೆ ಸಂದದ್ದೆಂದು ಯಾರೂ ಭಾವಿಸುವುದಿಲ್ಲ. ಎಲ್ಲರ ಮೇಲಿರುವ ಸಾಲ ಯಾರೂ ತೀರಿಸದ ಸಾಲವಾಗಿಬಿಡುತ್ತದೆ.

'ಅದು ಅವರ ಕರ್ತವ್ಯ, ಅದಕ್ಕೆ ಹಣ ಪಡೆಯುತ್ತಾರಲ್ಲ' ಎನ್ನುವವರಿದ್ದಾರೆ. ಸೂಜಿ ಚುಚ್ಚುವುದು ಕರ್ತವ್ಯ, ನಿಜ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ ಮೊಬೈಲುಗಳಲ್ಲಿ ವದಂತಿಗಳು ಹರಿದಾಡಿದವು. ಹೆದರಿದ ತಾಯ್ತಂದೆಯರಿಗೆ ಸಿಡುಕದೆ ಉತ್ತರಿಸುವ ಕೆಲಸ ಬಿದ್ದದ್ದು ಇದೇ ಸಿಬ್ಬಂದಿಯ ಮೇಲೆ. ಮುಚ್ಚಿದ ಬಾಗಿಲನ್ನು ಎರಡನೆಯ ಸಲ ತಟ್ಟುವ ತಾಳ್ಮೆಗೆ ಯಾವ ಸಂಬಳದ ಪಟ್ಟಿಯಲ್ಲಿ ಕಾಲಂ ಇದೆ? ಇನ್ನು ಆಶಾ ಕಾರ್ಯಕರ್ತೆಯರಿಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ.

ಗೌರವ ಸಿಕ್ಕಿಯೇ ಇಲ್ಲವೆಂದಲ್ಲ. 2020ರ ಮೇ 3ರಂದು, ಕೊರೊನಾ ಕಾಲದಲ್ಲಿ, ಸಶಸ್ತ್ರ ಪಡೆಗಳ ಹೆಲಿಕಾಪ್ಟರುಗಳು ದೇಶದ ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ಯೋಧರು ಆರೋಗ್ಯ ಸಿಬ್ಬಂದಿಗೆ ವಂದಿಸಿದ್ದು ಸಣ್ಣ ಮಾತಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಪುರಸ್ಕರಿಸಿತು. 2023ರಲ್ಲಿ ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿಯೇ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆದರೆ 2025ರ ಜನವರಿಯಲ್ಲಿ ಇದೇ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂರಬೇಕಾಯಿತು. ಹೂ ಸುರಿದದ್ದು ತಪ್ಪಲ್ಲ. ಕೂಲಿಯ ಜಾಗದಲ್ಲಿ ಹೂವನ್ನಿಟ್ಟು ಕೈ ತೊಳೆದುಕೊಂಡರೆ ಅದು ಅನ್ಯಾಯ.

ಹಾಗಾದರೆ ಈ ಋಣವನ್ನು ತೀರಿಸುವ ಬಗೆ ಯಾವುದು? ಸೋಮಾಲಿಯಾದ ಅಲಿ ಮಾವ್ ಮಾಲಿನ್ ಅವರ ಬದುಕು ಒಂದು ದಾರಿ ತೋರಿಸುತ್ತದೆ. ಆಸ್ಪತ್ರೆಯಲ್ಲಿ ಅಡುಗೆಯವರಾಗಿದ್ದ ಅವರು ನೋವಿಗೆ ಅಂಜಿ ಲಸಿಕೆ ತಪ್ಪಿಸಿಕೊಂಡಿದ್ದರು. 1977ರ ಅಕ್ಟೋಬರಿನಲ್ಲಿ ಅವರಿಗೆ ಸಿಡುಬು ತಗಲಿತು. ಸಹಜವಾಗಿ ಸಿಡುಬು ತಗಲಿದವರಲ್ಲಿ ಜಗತ್ತಿಗೇ ಕೊನೆಯವರು ಅವರು. ಬದುಕುಳಿದ ಮಾಲಿನ್ ಮುಂದೆ ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿ, ತಮ್ಮ ಕಥೆ ಹೇಳಿ ತಾಯಂದಿರನ್ನು ಒಪ್ಪಿಸಿದರು. 2013ರಲ್ಲಿ, ಪೋಲಿಯೊ ವಿರುದ್ಧದ ಅಂಥದೇ ಕೆಲಸದ ನಡುವೆ, ಮಲೇರಿಯಾದಿಂದ ತೀರಿಕೊಂಡರು.

ನಾವೆಲ್ಲ ಅಷ್ಟು ಮಾಡಲಾರೆವು. ಆದರೆ ಹೇಳಿದ ದಿನ ತಾಯಿ ಕಾರ್ಡ್ ಹಿಡಿದು ಮಗುವಿನೊಂದಿಗೆ ಹೋಗಬಹುದು. ಅವಸರ ಮಾಡದೆ ಆ ಅರ್ಧ ಗಂಟೆ ಕೂರಬಹುದು. ಮೊಬೈಲಿಗೆ ಬಂದ ವದಂತಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಆ ಸಿಸ್ಟರನ್ನೇ ಒಂದು ಮಾತು ಕೇಳಬಹುದು. ಅವರು ನ್ಯಾಯವಾದ ವೇತನ ಕೇಳಿದಾಗ 'ಇವರಿಗೇನು ಕಡಿಮೆಯಾಗಿದೆ' ಎನ್ನದೆ ಅವರ ಪರ ನಿಲ್ಲಬಹುದು. ಬಿಸಿಲಲ್ಲಿ ಲಸಿಕೆಯ ಡಬ್ಬಿ ಹೊತ್ತು ಬಂದವರಿಗೆ ಒಂದು ಲೋಟ ನೀರು ಕೊಡುವುದನ್ನಂತೂ ಯಾವ ಸರಕಾರದ ಆದೇಶಕ್ಕೂ ಕಾಯಬೇಕಿಲ್ಲ.