ಆಶ್ರಯವೂ ಹೊಣೆಯೂ

ಅಂತಃಪುರದಲ್ಲಿ ಬೆಳೆದ ರಾಜಕುಮಾರಿಯು ಕಷ್ಟಕಾಲದಲ್ಲಿ ಧೀರಳಾಗುವ ಕಥೆ ಎಲ್ಲ ದೇಶದವರಿಗೂ ಪ್ರಿಯವಾದುದು. ಆದರೆ ಆ ಧೈರ್ಯವನ್ನು ಹುಟ್ಟಿಸಿದುದು ಕಷ್ಟವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳು ಸೇರಿದ್ದ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನವುಂಟು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಕಾಲವಾದಾಗ ಹಿರಿಯ ಮಗ ಕೃಷ್ಣರಾಜರಿಗೆ 10 ವರ್ಷ. ಅರಮನೆಯ ಮರೆಯಲ್ಲಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರಾಜಪ್ರತಿನಿಧಿಗಳಾಗಿ ಸಂಸ್ಥಾನದ ಭಾರವನ್ನು ಹೊತ್ತರು. 1898ರ ಪ್ಲೇಗನ್ನು ಎದುರಿಸಬೇಕಾಯಿತು. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಮೊದಲಾಯಿತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳನ್ನು ಮುಟ್ಟಿತು. ಶೇಷಾದ್ರಿ ಅಯ್ಯರ್ ಅವರಂಥ ದಿವಾನರ ನೆರವಿತ್ತು, ನಿಜ. ನೆರವಿಲ್ಲದೆ ಆಳಿದ ದೊರೆ ಯಾರು?

ದುಃಖವೇ ಅವರನ್ನು ಬಲಪಡಿಸಿತೆನ್ನುವುದು ಸುಲಭ. ದುಃಖಕ್ಕೆ ಆ ಗುಣವಿದ್ದಲ್ಲಿ ವಿಧವೆಯರೆಲ್ಲರೂ ಬಲಿಷ್ಠರಾಗಬೇಕಾಗಿತ್ತು. ಮಹಾರಾಣಿಯವರಿಗೆ ದುಃಖದೊಡನೆ ಹೊಣೆಯೂ ದೊರೆಯಿತು. ಒಳಗಿದ್ದ ಶಕ್ತಿ ಹೊಣೆಯಿಂದ ಹೊರಬಂದಿತು. ಹಾಗಾದರೆ ಹೆಣ್ಣಿನ ಸಾಮರ್ಥ್ಯವು ಬೆಳಕಿಗೆ ಬರಲು ಮನೆಗೆ ಸಿಡಿಲೇ ಬಡಿಯಬೇಕೆ?

ಆಶ್ರಯವು ಪ್ರೀತಿಯ ಕುರುಹು, ಸಂದೇಹವಿಲ್ಲ. ಆದರೆ ಹೊಣೆಯನ್ನು ಕೊಡದ ಆಶ್ರಯವು ಬಿತ್ತನೆಯ ಬೀಜವನ್ನು ಕಣಜದಲ್ಲಿಟ್ಟು ಕಾಯ್ದಂತೆ. ಅಲ್ಲಿ ಅದು ಕೆಡದು, ಮೊಳೆಯಲೂ ಮೊಳೆಯದು. ಮನೆಯ ಲೆಕ್ಕವನ್ನೂ ಹೊಲದ ವ್ಯವಹಾರವನ್ನೂ ಸುಖದ ದಿನಗಳಲ್ಲಿಯೇ ಮಗಳ ಕೈಗೆ ಒಪ್ಪಿಸುವುದು ತಂದೆತಾಯಿಗಳ ಧರ್ಮ.