ಎರೆಯ ನೆಲವೂ ಹುಟ್ಟದವರ ಹಕ್ಕೂ

ನೆಲದ ಸಂಪತ್ತನ್ನು ಒಂದು ತಲೆಮಾರಿನವರು ಎಷ್ಟರ ಮಟ್ಟಿಗೆ ತಮ್ಮದೆಂದು ಭಾವಿಸಬಹುದು? ಮಣ್ಣು, ನೀರು, ಕಲ್ಲು ಇವುಗಳನ್ನು ಬಳಸದೆ ಮನುಷ್ಯನು ಬದುಕಲಾರನು. ಬಳಸುತ್ತ ಹೋದಂತೆ ಇವುಗಳಲ್ಲಿ ಕೆಲವು ಸವೆಯುವವು, ಕೆಲವು ಮುಗಿದೇ ಹೋಗುವವು. ಹೀಗಿರಲು, ನ್ಯಾಯವಾದ ಭೋಗವು ಎಲ್ಲಿಗೆ ಮುಗಿದು ಪರಸ್ವಾಪಹಾರವು ಎಲ್ಲಿಂದ ಮೊದಲಾಗುವದು? ಇದು ಅರ್ಥಶಾಸ್ತ್ರದ ಪ್ರಶ್ನೆಯೆಂದು ತೋರಿದರೂ ನಿಜವಾಗಿ ಧರ್ಮದ ಪ್ರಶ್ನೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಬಯಲನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ನಮ್ಮ ಸೀಮೆಗೆ ಮಲೆನಾಡಿನ ಚೆಲುವಿಲ್ಲ. ಕಣ್ಣು ಹರಿಯುವಷ್ಟು ದೂರ ಬಯಲು, ಅಲ್ಲಲ್ಲಿ ಬೇವು, ಜಾಲಿ. ಇದರ ಐಶ್ವರ್ಯವೆಲ್ಲ ಕಾಲಕೆಳಗಿನ ಎರೆಯ ಮಣ್ಣಿನಲ್ಲಿದೆ. ಸುಮಾರು 6.6 ಕೋಟಿ ವರುಷಗಳ ಹಿಂದೆ ದಖ್ಖನಿನಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಕಲ್ಲು ಮಳೆಬಿಸಿಲುಗಳಿಗೆ ಸಿಕ್ಕಿ, ಕರಗಿ, ಈ ಕರಿಯ ಮಣ್ಣಾಯಿತು. ಬೇಸಗೆಯಲ್ಲಿ ಇದು ಬಾಯ್ದೆರೆದು ಬಿರಿಯುವದು; ಮಳೆಗೆ ಉಬ್ಬಿ ಬಿರುಕನ್ನು ಮುಚ್ಚಿಕೊಳ್ಳುವದು; ಕುಡಿದ ನೀರನ್ನು ಬಹುಕಾಲ ಹಿಡಿದಿಡುವದು. ಮಳೆಗಾಲದ ಕೊನೆಗೆ ಬಿತ್ತಿದ ಹಿಂಗಾರಿ ಬಿಳಿಜೋಳವು ಬಹುಮಟ್ಟಿಗೆ ಆ ಒಳದೇವದಿಂದಲೇ ತೆನೆಗಟ್ಟುವದು. ತೊಗರಿಯಾದರೋ ಬೇರನ್ನು ಆಳಕ್ಕಿಳಿಸಿ, ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಕೂಡಿಟ್ಟು, ಎಲೆಯುದುರಿಸಿ, ಪಡೆದುದರಲ್ಲಿ ಒಂದು ಪಾಲನ್ನು ನೆಲಕ್ಕೆ ತಿರುಗಿ ಕೊಡುವದು. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ದೊರೆತುದು ಈ ಮಣ್ಣಿಗೇ ದೊರೆತ ಮನ್ನಣೆಯೆನ್ನಬೇಕು.

ಈ ಸಂಪತ್ತಿನ ಒಡೆತನವನ್ನು ವಿಚಾರಿಸಲು ಅಳತೆಗೋಲನ್ನು ದೂರದೇಶದಿಂದ ತರಬೇಕಾಗಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು; ನಮ್ಮ ಜಿಲ್ಲೆಯ ಮರತೂರು ಆತನ ಊರೆಂದು ಪ್ರತೀತಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವದು ತಂದೆಯ ಮರಣದಿಂದಲ್ಲ, ತನ್ನ ಜನ್ಮದಿಂದಲೇ ಎಂಬುದು ಆತನ ಸಿದ್ಧಾಂತ. ಆದುದರಿಂದ ಸ್ಥಾವರವನ್ನು ತಂದೆಯು ತನ್ನ ಇಚ್ಛೆಯಂತೆ ದಾನವಿಕ್ರಯ ಮಾಡಲಾಗದು. ಇದಕ್ಕೆ ಆತನು ಎತ್ತಿಕೊಳ್ಳುವ ಸ್ಮೃತಿವಚನದ ತಾತ್ಪರ್ಯವು ಮನನಯೋಗ್ಯವಾದುದು: ಹುಟ್ಟಿದವರು ಮಾತ್ರವಲ್ಲ, ಗರ್ಭದಲ್ಲಿರುವವರೂ ಇನ್ನೂ ಹುಟ್ಟದವರೂ ಜೀವನಾಧಾರವನ್ನು ಬಯಸತಕ್ಕವರೇ. ಕಠಿಣವಾದ ಆಪತ್ತು, ಕುಟುಂಬದ ಪೋಷಣೆ, ಅವಶ್ಯವಾದ ಧರ್ಮಕಾರ್ಯ, ಈ ಮೂರು ನಿಮಿತ್ತಗಳಿಗೆ ಮಾತ್ರ ವಿನಾಯಿತಿಯುಂಟು. ಪಾಠಶಾಲೆಗಳಲ್ಲಿ ಇದನ್ನು ಅಣ್ಣತಮ್ಮಂದಿರ ಪಾಲಿನ ವಿಷಯವೆಂದೇ ಓದಿ ಮುಗಿಸುವದು ವಾಡಿಕೆ. ಒಂದು ಮನೆತನದ ಹೊಲಕ್ಕೆ ಸಲ್ಲುವ ನ್ಯಾಯವು ಒಂದು ಸೀಮೆಯ ನೆಲಕ್ಕೆ ಏಕೆ ಸಲ್ಲಬಾರದು?

ಸಲ್ಲುವದಾದರೆ ಮೂಲವನ್ನೂ ಫಲವನ್ನೂ ಬೇರ್ಪಡಿಸಿ ನೋಡಬೇಕು. ಫಲವು ಉಣ್ಣುವವರದು, ಮೂಲವು ಕುಲದ್ದು. ಜೋಳ ತೊಗರಿಗಳು ಫಲ, ಮಣ್ಣು ಮೂಲ. ಆದರೆ ಫಲದಾಸೆಯಿಂದ ಮೂಲಕ್ಕೆ ಕೇಡುಂಟಾಗುವದೂ ಉಂಟು. ಬೆಲೆ ಬರುವದೆಂದು ಅದೇ ಹೊಲದಲ್ಲಿ ವರುಷ ವರುಷವೂ ತೊಗರಿಯನ್ನೇ ಬಿತ್ತಿದರೆ ನೆಟೆರೋಗದ ಶಿಲೀಂಧ್ರವು ಮಣ್ಣಿನಲ್ಲೇ ನೆಲೆಯೂರುವದು. 2022ರ ಹಂಗಾಮಿನಲ್ಲಿ ಕಾಯಿಗಟ್ಟುವ ಗಿಡಗಳು ನಿಂತಲ್ಲೇ ಒಣಗಿದುದನ್ನು ಜಿಲ್ಲೆಯೆಲ್ಲ ಕಂಡಿತು. ಹಿರಿಯರು ಜೋಳ, ಕಡಲೆ, ಕುಸುಬೆಗಳನ್ನು ಬದಲಿಸುತ್ತ ಬಂದುದು ಬರಿಯ ರೂಢಿಯಲ್ಲ, ಮೂಲವನ್ನು ಕಾಯುವ ಉಪಾಯ. ಬದು ಒಡೆದು ಮೇಲ್ಮಣ್ಣು ಹಳ್ಳ ಸೇರಿದರೆ ಆಗುವ ಹಾನಿಯೂ ಹೀಗೆಯೇ. ಅಮೇರಿಕೆಯ ಹುಲ್ಲುಬಯಲುಗಳಲ್ಲಿ ಬೇರುಹುಲ್ಲನ್ನು ಕಿತ್ತು ಗೋದಿಯನ್ನೇ ಬೆಳೆದು, ಮಳೆ ತಪ್ಪಿದಾಗ 1930ರ ದಶಕದಲ್ಲಿ ಮಣ್ಣೆಲ್ಲ ಧೂಳಾಗಿ ಹಾರಿಹೋದ ಮೇಲೆ, 1935ರಲ್ಲಿ ಅಲ್ಲಿಯ ಸರಕಾರವು ಮಣ್ಣನ್ನು ಕಾಯುವದಕ್ಕೆಂದೇ ಕಾಯಿದೆ ಮಾಡಬೇಕಾಯಿತು. ಕಳೆದುಕೊಂಡ ಮೇಲೆ ಬಂದ ವಿವೇಕವದು.

ನೀರಿನ ವಿಷಯವು ಇದಕ್ಕಿಂತ ತೊಡಕಾದುದು. ಅದು ಹೊಲದ ಎಲ್ಲೆಯನ್ನು ಮನ್ನಿಸುವದಿಲ್ಲ. ಭೀಮೆಯು ಮಹಾರಾಷ್ಟ್ರದ ಉಜನಿ ಕಟ್ಟೆಯನ್ನು ದಾಟಿ ಬರುವಳು. ಅಫಜಲಪುರದ ಸೊನ್ನದಲ್ಲಿ ನಮ್ಮವರೂ ಅವಳನ್ನು ತಡೆದು ನಿಲ್ಲಿಸಿದ್ದಾರೆ. ಆಳಂದದ ಕೊರಳ್ಳಿಯಲ್ಲಿ ಅಮರ್ಜೆಗೆ ಕಟ್ಟೆಯಾಗಿದೆ. ಭೂಸನೂರು, ಹವಳಗಾಗಳಲ್ಲಿ ಸಕ್ಕರೆಯ ಕಾರಖಾನೆಗಳು ಬಂದುದರಿಂದ ಅನೇಕ ಮನೆತನಗಳು ನೆಮ್ಮದಿ ಕಂಡವು. ಇದನ್ನು ಹಗುರಾಗಿ ಎಣಿಸಲಾಗದು. ಆದರೂ ಕಬ್ಬು ವರುಷವಿಡೀ ನೀರು ಬೇಡುವ ಬೆಳೆ. ನೀರು ಹಿಡಿಯುವದೇ ಗುಣವಾಗಿರುವ ಎರೆಗೆ ಬಸಿಗಾಲುವೆಯಿಲ್ಲದೆ ಮಿತಿಮೀರಿ ನೀರುಣಿಸಿದರೆ ನೆಲವು ಸವುಳು-ಜವುಳಾಗುವದು. 2020ರ ಅಕ್ಟೋಬರದಲ್ಲಿ ಊರುಗಳನ್ನೇ ಮುಳುಗಿಸಿದ ಇದೇ ಹೊಳೆಯು ಬೇಸಗೆಯಲ್ಲಿ ಬತ್ತಿ ಮರಳಾಗುವದು; ಆ ಮರಳನ್ನೂ ತೋಡಿ ಒಯ್ದರೆ ದಂಡೆಯ ಬಾವಿಗಳಿಗೆ ಆಧಾರವೇನುಳಿಯಿತು?

ಕಲ್ಲಿನ ನ್ಯಾಯ ಬೇರೆ. ನಮ್ಮ ಮೂಡಲಿನ ಶಹಾಬಾದದ ಹಾಸುಗಲ್ಲೂ, ವಾಡಿ, ಸೇಡಂ, ಮಳಖೇಡಗಳ ಸಿಮೆಂಟಿನ ಕಾರಖಾನೆಗಳು ಅರೆಯುವ ಸುಣ್ಣಗಲ್ಲೂ ವರುಷಕ್ಕೊಮ್ಮೆ ಬೆಳೆಯತಕ್ಕವಲ್ಲ. ಇಲ್ಲಿ ಫಲವೆಂಬುದೇ ಇಲ್ಲ, ತೆಗೆದುದೆಲ್ಲವೂ ಮೂಲವೇ. ಅಗೆತವೆಂದರೆ ವಿಕ್ರಯವೇ ಸರಿ. ಹಾಗೆಂದು ಕಲ್ಲನ್ನು ಮುಟ್ಟಲೇಬಾರದೆಂದರೆ ಮನೆ, ಸೇತುವೆ, ಶಾಲೆಗಳು ಏಳುವ ಬಗೆಯಿಲ್ಲ. ಆದುದರಿಂದ ಕುಟುಂಬದ ಪೋಷಣೆಗಾಗಿ ಎಂಬ ವಿನಾಯಿತಿಯನ್ನು ಇಲ್ಲಿ ಕಟ್ಟುನಿಟ್ಟಾಗಿ ಅರ್ಥಮಾಡಬೇಕು: ಮಾರಿದ ಮೂಲದ ಬೆಲೆಯು ಮತ್ತೊಂದು ಮೂಲವಾಗಿ ನಿಲ್ಲಬೇಕು, ಶಾಲೆಯಾಗಿ, ಕೆರೆಯಾಗಿ, ಆರೋಗ್ಯವಾಗಿ. 2015ರ ಕಾಯಿದೆಯಿಂದ ಗಣಿಯುಳ್ಳ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನಗಳು ಏರ್ಪಟ್ಟುದು ಈ ನ್ಯಾಯವನ್ನೇ ಅನುಸರಿಸಿ. ಆ ಹಣವು ಎಲ್ಲಿಗೆ ಸಂದಿತೆಂದು ಕೇಳುವದು ನಾಗರಿಕನ ಕರ್ತವ್ಯ.

ಇಲ್ಲೊಂದು ಬಲವಾದ ಆಕ್ಷೇಪವುಂಟು. ಸಾಲದಲ್ಲಿ ಮುಳುಗಿದ ಒಕ್ಕಲಿಗನಿಗೆ, ಕೂಲಿಗಾಗಿ ಪುಣೆ ಮುಂಬಯಿಗಳಿಗೆ ಗುಳೆ ಹೋಗುವವನಿಗೆ ಹುಟ್ಟದ ಮೊಮ್ಮಕ್ಕಳ ಹಕ್ಕನ್ನು ಬೋಧಿಸುವದು ಕ್ರೌರ್ಯವಲ್ಲವೆ? ಹೌದು, ಬರಿಯ ಬೋಧೆಯಾದರೆ ಕ್ರೌರ್ಯವೇ. ಆದರೆ ಅವಿಭಕ್ತ ಕುಟುಂಬದಲ್ಲಿ ಒಬ್ಬನ ಆಪತ್ತು ಎಲ್ಲರ ಆಪತ್ತು. ಅದನ್ನು ನೀಗುವದು ಯಜಮಾನನ ಭಾರ. ತೊಗರಿಗೆ ನ್ಯಾಯವಾದ ಬೆಲೆ ಸಿಗದೆ ಒಕ್ಕಲಿಗನು ನೆಲವನ್ನು ಹಿಂಡಿದರೆ, ಅಗ್ಗವಾಗಿ ಬೇಳೆ ಕೊಂಡು ಉಂಡ ಪಟ್ಟಣಿಗರಾದ ನಾವೂ ಆ ದೋಷದಲ್ಲಿ ಪಾಲುಗಾರರು. ಇನ್ನೊಂದು ಮಾತು. ಹಳೆಯ ನ್ಯಾಯದಲ್ಲಿ ಮಗಳಿಗೆ ಜನ್ಮದ ಹಕ್ಕಿರಲಿಲ್ಲ. 2005ರಲ್ಲಿ ಶಾಸನವು ಅದನ್ನು ಕೊಟ್ಟಿತು. ಕುಟುಂಬವೆಂಬ ಮಾತಿನ ಅರ್ಥವು ಹಿಗ್ಗಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಸ್ವಂತ ಹೊಲವಿಲ್ಲದೆ ಪರರ ಹೊಲದಲ್ಲಿ ಕಳೆ ತೆಗೆದು ರಾಶಿ ಮಾಡುವ ಕೈಗಳೂ ಈ ಸೀಮೆಯ ಕುಟುಂಬದವೇ ಎಂದು ಒಪ್ಪದೆ ಹುಟ್ಟದವರ ಮೇಲೆ ಕನಿಕರ ತೋರುವದು ಶೋಭಿಸದು.

ಸಾರಾಂಶವಿಷ್ಟು: ಎರೆಯ ನೆಲವನ್ನು ನಾವು ದೇವರೆಂದು ಪೂಜಿಸಿ ಕೈಕಟ್ಟಿ ಕೂಡ್ರಬೇಕಾಗಿಲ್ಲ, ಸರಕೆಂದು ತೀರಿಸಿಬಿಡುವ ಅಧಿಕಾರವೂ ನಮಗಿಲ್ಲ. ನಾವು ಪಾಲುಗಾರರು. ಉಳಿದ ಪಾಲುಗಾರರಲ್ಲಿ ಹೆಚ್ಚಿನವರು ಇನ್ನೂ ಬಂದಿಲ್ಲವಾದುದರಿಂದ ಅವರ ಪರವಾಗಿ ಮಾತನಾಡುವ ಹೊಣೆಯೂ ನಮ್ಮದೇ ಆಗಿದೆ.